ನಿವೃತ್ತರ ಗ್ರಾಮಗಳ ಷೇರುಗಳು: ಒಂದು ಅಧ್ಯಯನ

ಜನಸಂಖ್ಯೆಯ ಪಾಠವನ್ನು ಓದಿದ ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಷೇರುಪೇಟೆಯ ವಿಷಯದಲ್ಲಿ ಬಹು ಸುಲಭವಾಗಿ ಹೊಳೆಯುವ ಒಂದು ತರ್ಕವಿದೆ. ಮುಂದುವರಿದ ದೇಶಗಳಲ್ಲಿ ಮುದುಕರ ಸಂಖ್ಯೆ ವರ್ಷವರ್ಷಕ್ಕೂ ಏರುತ್ತಿದೆ. ಎರಡನೆಯ ಮಹಾಯುದ್ಧ ಮುಗಿದ ಕೂಡಲೆ ಹುಟ್ಟಿದವರ ದೊಡ್ಡ ತಂಡವೊಂದು ಈಗ ಎಂಬತ್ತರ ಹೊಸ್ತಿಲಿಗೆ ಬಂದು ನಿಂತಿದೆ. ಅವರಿಗೆ ತಕ್ಕ ಮನೆ ಬೇಕು, ಶುಶ್ರೂಷೆ ಬೇಕು. ಆದುದರಿಂದ ಅವರಿಗಾಗಿ ಮನೆ ಕಟ್ಟಿ ಶುಶ್ರೂಷೆ ನಡೆಸುವ ಕಂಪೆನಿಗಳ ಷೇರು ಕೊಂಡವನಿಗೆ ನಷ್ಟವೆಂಬುದಿಲ್ಲ. ಈ ತರ್ಕದ ಮೆಟ್ಟಲುಗಳೆಲ್ಲ ಗಟ್ಟಿಯಾಗಿವೆ. ಕೊನೆಯ ಮೆಟ್ಟಲೊಂದು ಮಾತ್ರ ಕಾಲಿಟ್ಟರೆ ಕುಸಿಯುತ್ತದೆ. ಅದು ಏಕೆ ಕುಸಿಯುತ್ತದೆಂಬುದನ್ನು ಈ ಲೇಖನದಲ್ಲಿ ನನಗೆ ತಿಳಿದಮಟ್ಟಿಗೆ ವಿಚಾರಿಸಬೇಕೆಂದಿದ್ದೇನೆ.

ಉದಾಹರಣೆಗೆ ನ್ಯೂಜಿಲೆಂಡ್ ದೇಶವನ್ನು ಆರಿಸಿಕೊಂಡಿದ್ದೇನೆ. ಆ ದೇಶದ ಒಟ್ಟು ಜನಸಂಖ್ಯೆ ಐವತ್ಮೂರು ಲಕ್ಷದ ಆಸುಪಾಸು. ನಮ್ಮ ಬೆಂಗಳೂರು ನಗರವೊಂದರಲ್ಲೇ ೨೦೧೧ರ ಜನಗಣತಿಯಲ್ಲಿ ೮೪ ಲಕ್ಷ ಜನರಿದ್ದರು. ಇಷ್ಟು ಚಿಕ್ಕ ದೇಶದ ಷೇರುಪೇಟೆಯಲ್ಲಿ ನಿವೃತ್ತರ ಗ್ರಾಮಗಳನ್ನು ನಡೆಸುವ ಕಂಪೆನಿಗಳು ಒಂದು ಕಾಲಕ್ಕೆ ಐದಾರು ಇದ್ದವು. ರೈಮನ್ ಹೆಲ್ತ್‌ಕೇರ್ ಎಂಬುದು ೧೯೮೪ರಲ್ಲಿ ಕ್ರೈಸ್ಟ್‌ಚರ್ಚ್ ನಗರದಲ್ಲಿ ಹುಟ್ಟಿ ೧೯೯೯ರಲ್ಲಿ ಪೇಟೆಗೆ ಬಂದಿತು. ಅದರ ಸ್ಥಾಪಕರಾದ ಜಾನ್ ರೈಡರ್, ಕೆವಿನ್ ಹಿಕ್‌ಮನ್ ಇವರಿಬ್ಬರ ಹೆಸರುಗಳನ್ನು ಕತ್ತರಿಸಿ ಜೋಡಿಸಿದುದೇ 'ರೈಮನ್'. ಸಮ್ಮರ್‌ಸೆಟ್ ಕಂಪೆನಿ ೨೦೧೧ರಲ್ಲಿಯೂ, ಅರ್ವಿಡಾ ೨೦೧೪ರಲ್ಲಿಯೂ, ಓಶಿಯಾನಿಯಾ ೨೦೧೭ರಲ್ಲಿಯೂ ಪೇಟೆಗೆ ಬಂದವು. ಇವುಗಳ ವಾರ್ಷಿಕ ವರದಿಗಳು ಯಾರಿಗೂ ಸಿಕ್ಕುವಂಥವು. ನಾನು ಓದಿದುದು ಅವುಗಳನ್ನೇ.

ಮೊದಲು ವ್ಯವಹಾರದ ಸ್ವರೂಪವನ್ನು ತಿಳಿಯಬೇಕು. ಇದಕ್ಕೆ ನಮ್ಮ ಕಡೆಯ ಭೋಗ್ಯದ ಪದ್ಧತಿಯನ್ನು ನೆನೆದುಕೊಂಡರೆ ಅರ್ಧ ಕೆಲಸ ಮುಗಿದಂತೆ. ಭೋಗ್ಯದಲ್ಲಿ ಬಾಡಿಗೆಗೆ ಬದಲಾಗಿ ಮನೆಯ ಯಜಮಾನನಿಗೆ ಒಂದು ಇಡುಗಂಟನ್ನು ಕೊಡುತ್ತೇವೆ. ಗೊತ್ತಾದ ಮುದ್ದತಿನವರೆಗೆ ವಾಸವಾಗಿದ್ದು, ಬಿಡುವಾಗ ಗಂಟನ್ನು ಪೂರ್ತಿಯಾಗಿ ಹಿಂದಕ್ಕೆ ಪಡೆಯುತ್ತೇವೆ. ಯಜಮಾನನಿಗೆ ಬಡ್ಡಿಯಿಲ್ಲದ ಸಾಲ, ನಮಗೆ ಬಾಡಿಗೆಯಿಲ್ಲದ ಮನೆ. ನ್ಯೂಜಿಲೆಂಡಿನ ನಿವೃತ್ತರ ಗ್ರಾಮವೂ ಬುಡದಲ್ಲಿ ಇದೇ ಆಗಿದೆ. ಎಪ್ಪತ್ತೈದು ಎಂಬತ್ತು ವರ್ಷದ ದಂಪತಿಗಳು ತಮ್ಮ ಹಳೆಯ ಮನೆಯನ್ನು ಮಾರಿ, ಆ ಹಣದಲ್ಲಿ ಒಂದು ಗಂಟನ್ನು ಕಂಪೆನಿಗೆ ಕೊಟ್ಟು, ಗ್ರಾಮದ ಒಂದು ಮನೆಯಲ್ಲಿ ಬಾಳುವ ಹಕ್ಕನ್ನು ಪಡೆಯುತ್ತಾರೆ. ಮನೆ ಅವರದಾಗುವುದಿಲ್ಲ, ನೆಲ, ಗೋಡೆ, ತೋಟ ಎಲ್ಲವೂ ಕಂಪೆನಿಯದೇ. ಇದಕ್ಕೆ ನಿವಾಸದ ಹಕ್ಕಿನ ಒಪ್ಪಂದವೆಂದು ಹೆಸರು. ೨೦೦೩ರ ನಿವೃತ್ತರ ಗ್ರಾಮಗಳ ಕಾನೂನು ಇದನ್ನು ನಿಯಂತ್ರಿಸುತ್ತದೆ.

ಆದರೆ ಭೋಗ್ಯಕ್ಕೂ ಇದಕ್ಕೂ ಮೂರು ವ್ಯತ್ಯಾಸಗಳುಂಟು. ಕಂಪೆನಿಯ ಲಾಭವೆಲ್ಲ ಆ ವ್ಯತ್ಯಾಸಗಳಲ್ಲಿಯೇ ಅಡಗಿದೆ. ಬಿಡುವಾಗ ಗಂಟು ಪೂರ್ತಿ ಬರುವುದಿಲ್ಲ. ಮುಂದೂಡಿದ ನಿರ್ವಹಣಾ ಶುಲ್ಕವೆಂಬ ಹೆಸರಿನಲ್ಲಿ ಅದರ ಒಂದು ಭಾಗವನ್ನು ಕಂಪೆನಿ ಮುರಿದುಕೊಳ್ಳುತ್ತದೆ. ರೈಮನ್ ಬಹುಕಾಲ ನೂರಕ್ಕೆ ೨೦ರಂತೆ ಮುರಿದುಕೊಳ್ಳುತ್ತಿತ್ತು. ಸಮ್ಮರ್‌ಸೆಟ್ ಮುಂತಾದವು ೨೫ರಂತೆ. ಎರಡನೆಯದಾಗಿ, ವಾಸವಿರುವಷ್ಟು ಕಾಲ ವಾರವಾರವೂ ಸಣ್ಣದೊಂದು ಶುಲ್ಕ ಬೇರೆ ಉಂಟು. ಅದು ತೋಟ, ತೆರಿಗೆ, ವಿಮೆ ಇವುಗಳ ಖರ್ಚಿಗೆ ಹೋಗುತ್ತದೆ. ಮೂರನೆಯದೇ ಮುಖ್ಯವಾದದ್ದು. ಮನೆಯ ಬೆಲೆ ಈ ನಡುವೆ ಏರಿದ್ದರೆ, ಆ ಏರಿಕೆ ಸಾಧಾರಣವಾಗಿ ಕಂಪೆನಿಗೇ ಸೇರುತ್ತದೆ. ಗಂಟು ಹಿಂದಿರುಗುವುದೂ ವಾಡಿಕೆಯಲ್ಲಿ ಮುಂದಿನ ನಿವಾಸಿ ಬಂದು ಹಣ ಕಟ್ಟಿದ ಮೇಲೆಯೇ.

ಒಂದು ಲೆಕ್ಕ ಹಾಕಿ ನೋಡೋಣ. ಅಂಕಿಗಳು ತಿಳಿವಿಗಾಗಿ ನಾನೇ ಇಟ್ಟುಕೊಂಡವು. ಒಬ್ಬಾಕೆ ೬ ಲಕ್ಷ ಡಾಲರ್ ಕೊಟ್ಟು ಗ್ರಾಮವನ್ನು ಸೇರುತ್ತಾಳೆ. ಎಂಟು ವರ್ಷಗಳ ಮೇಲೆ ಮನೆ ತೆರವಾಗುತ್ತದೆ. ನೂರಕ್ಕೆ ೨೫ರಂತೆ ಒಂದೂವರೆ ಲಕ್ಷ ಕಳೆದು, ನಾಲ್ಕೂವರೆ ಲಕ್ಷ ಆಕೆಗೋ ವಾರಸುದಾರರಿಗೋ ಸೇರುತ್ತದೆ. ಅಷ್ಟರಲ್ಲಿ ಬೆಲೆ ಏರಿ, ಹೊಸ ನಿವಾಸಿ ೮ ಲಕ್ಷ ಕೊಟ್ಟು ಬರುತ್ತಾನೆ. ಕಂಪೆನಿಯ ಕೈಯಲ್ಲಿ ಉಳಿದುದು ಮೂರೂವರೆ ಲಕ್ಷ. ಅದಕ್ಕಾಗಿ ಒಂದು ಇಟ್ಟಿಗೆಯನ್ನೂ ಹೊಸದಾಗಿ ಇಡಬೇಕಾಗಿರಲಿಲ್ಲ. ಇದೇ ನಮ್ಮ ಭೋಗ್ಯವಾಗಿದ್ದರೆ ಆಕೆಗೆ ೬ ಲಕ್ಷ ಬರುತ್ತಿತ್ತು. ಸ್ವಂತ ಮನೆಯಾಗಿದ್ದರೆ ಅದರ ಬೆಲೆ ೮ ಲಕ್ಷವಾಗುತ್ತಿತ್ತು.

ಇದು ಅನ್ಯಾಯವೆಂದು ಒಮ್ಮೆಲೆ ಹೇಳಿಬಿಡುವವರಿದ್ದಾರೆ. ನಾನು ಅಷ್ಟು ದೂರ ಹೋಗಲಾರೆ. ಆಕೆಗೆ ದೊರೆತುದು ಮನೆಯೊಂದೇ ಅಲ್ಲ. ರಾತ್ರಿ ಎದೆನೋವು ಬಂದರೆ ಒತ್ತಲು ಒಂದು ಗಂಟೆ, ಸೋರುವ ಮಾಡಿನ ಚಿಂತೆಯಿಂದ ಬಿಡುಗಡೆ, ಮಾತಿಗೆ ಸಮವಯಸ್ಕರು, ಕೈಲಾಗದ ದಿನ ಬಂದಾಗ ಅದೇ ಆವರಣದ ಶುಶ್ರೂಷಾಗೃಹ. ಪ್ರವೇಶದ ಗಂಟೂ ಸುತ್ತಲಿನ ಸಾಮಾನ್ಯ ಮನೆಗಳ ಬೆಲೆಗಿಂತ ಎಷ್ಟೋ ಸಲ ಕಡಿಮೆಯೇ ಇರುತ್ತದೆ. ಒಪ್ಪಂದಕ್ಕೆ ಮೊದಲು ಸ್ವತಂತ್ರ ವಕೀಲನೊಬ್ಬನ ಸಲಹೆ ಪಡೆಯಲೇಬೇಕೆಂದು ಕಾನೂನಿದೆ. ಆದರೂ ಮಕ್ಕಳು ತಾಯಿಯ ಗಂಟಿಗಾಗಿ ತಿಂಗಳುಗಟ್ಟಲೆ ಕಾಯುವುದು ಆ ದೇಶದಲ್ಲಿ ದೊಡ್ಡ ದೂರಾಗಿ ಬೆಳೆದಿದೆ. ಕಾನೂನನ್ನು ಪುನರ್ವಿಮರ್ಶೆ ಮಾಡಲು ಸರಕಾರವು ೨೦೨೩ರಲ್ಲಿ ಸಾರ್ವಜನಿಕರ ಅಭಿಪ್ರಾಯವನ್ನು ಕೇಳಿದಾಗ ಈ ಕಾಯುವಿಕೆಯೂ ಅದರಲ್ಲಿ ಒಂದು ಮುಖ್ಯ ಪ್ರಶ್ನೆಯಾಗಿತ್ತು. ಷೇರುದಾರನು ಇದನ್ನು ಪರರ ಸಂಕಟವೆಂದು ಬಿಟ್ಟುಬಿಡುವಂತಿಲ್ಲ. ಗಂಟನ್ನು ಬೇಗ ಹಿಂದಿರುಗಿಸಬೇಕೆಂದು ಕಾನೂನು ಬಿಗಿಯಾದಷ್ಟೂ ಕಂಪೆನಿ ಕೈಯಲ್ಲಿ ನಗದನ್ನು ಹೆಚ್ಚಾಗಿ ಇಟ್ಟುಕೊಳ್ಳಬೇಕಾಗುತ್ತದೆ. ವಾರಸುದಾರನ ನ್ಯಾಯವೇ ಷೇರುದಾರನ ಖರ್ಚು.

ಇನ್ನು ಲಾಭದ ಮೂಲಗಳನ್ನು ಬಿಡಿಸಿ ನೋಡಿದರೆ, ಮುದುಕರ ಸಂಖ್ಯೆಯ ಪಾತ್ರ ಎಷ್ಟು ಚಿಕ್ಕದೆಂಬುದು ಕಾಣಬರುತ್ತದೆ. ಹೊಸ ಮನೆ ಕಟ್ಟಿ ಮೊದಲ ನಿವಾಸಿಗೆ ಕೊಟ್ಟಾಗ ಬರುವ ಹಣದಿಂದ ಕಟ್ಟಿದ ಖರ್ಚೆಲ್ಲ ತೀರಿ ಸ್ವಲ್ಪ ಮಿಗಬೇಕು. ಆಗ ಬ್ಯಾಂಕಿನ ಸಾಲವನ್ನು ತೀರಿಸಿ ಮುಂದಿನ ಗ್ರಾಮಕ್ಕೆ ಅದೇ ಸಾಲವನ್ನು ಮತ್ತೆ ಎತ್ತಬಹುದು. ಒಂದೇ ಕೊಡದಿಂದ ಸಾಲು ಸಾಲಾಗಿ ಗಿಡಗಳಿಗೆ ನೀರುಣಿಸಿದಂತೆ. ಆದರೆ ಮುದುಕರು ಗ್ರಾಮಕ್ಕೆ ಬರಬೇಕಾದರೆ ಮೊದಲು ತಮ್ಮ ಹಳೆಯ ಮನೆಯನ್ನು ಮಾರಬೇಕಷ್ಟೆ. ಊರಿನ ಮನೆಪೇಟೆ ಬಿದ್ದು ಮಲಗಿದ್ದರೆ ಅವರು ಬರುವಂತಿಲ್ಲ. ಎಂಬತ್ತು ತುಂಬಿದವರು ಎಷ್ಟೇ ಇರಲಿ, ಹೊಸ ಮನೆಗಳು ಖಾಲಿ ನಿಲ್ಲುತ್ತವೆ. ಬಡ್ಡಿ ಮಾತ್ರ ನಿಲ್ಲುವುದಿಲ್ಲ. ಇತ್ತ ಹಳೆಯ ಮನೆಗಳ ಮರುಹಂಚಿಕೆಯ ಲಾಭವೂ ಬೆಲೆಯ ಏರಿಕೆಯನ್ನೇ ಅವಲಂಬಿಸಿದೆ. ಶುಶ್ರೂಷಾಗೃಹದ ಹಾಸಿಗೆಗಳಿಗೆ ಸಿಕ್ಕುವ ದರವನ್ನಂತೂ ಬಹುಮಟ್ಟಿಗೆ ಸರಕಾರವೇ ಗೊತ್ತುಮಾಡುತ್ತದೆ. ಆ ವಿಭಾಗದಲ್ಲಿ ಉಳಿಯುವುದು ಅತ್ಯಲ್ಪ. ಹೀಗೆ ಈ ಷೇರು ಕೊಂಡವನು ವೃದ್ಧಾಪ್ಯದ ಮೇಲೆ ಹಣ ಹೂಡಿದೆನೆಂದುಕೊಂಡರೂ, ವಾಸ್ತವವಾಗಿ ಹೂಡಿದುದು ಮನೆಯ ಬೆಲೆಯ ಮೇಲೆ ಮತ್ತು ಬಡ್ಡಿಯ ದರದ ಮೇಲೆ.

ಅಢಾವೆ ಪತ್ರಿಕೆಯ ಮಾತಿಗೆ ಬರೋಣ. ವಾಣಿಜ್ಯ ವಿಭಾಗದ ಮಿತ್ರರಿಗೆ ಇಲ್ಲಿ ರುಚಿಯಾದ ವಿಷಯವಿದೆ. ಗ್ರಾಮದ ಕಟ್ಟಡಗಳನ್ನು ಹೂಡಿಕೆಯ ಆಸ್ತಿಯೆಂದು ಪರಿಗಣಿಸಿ, ಅಂತರರಾಷ್ಟ್ರೀಯ ಲೆಕ್ಕಪದ್ಧತಿಯ ೪೦ನೆಯ ನಿಯಮದಂತೆ ಆಗಾಗ್ಗೆ ಅವುಗಳ ಬೆಲೆಕಟ್ಟಿಸುತ್ತಾರೆ. ಬೆಲೆ ಏರಿದರೆ ಆ ಏರಿಕೆಯನ್ನು ಅದೇ ವರ್ಷದ ಲಾಭದಲ್ಲಿ ಸೇರಿಸುತ್ತಾರೆ. ಒಂದು ಮನೆಯೂ ಕೈಬದಲಾಗದಿದ್ದರೂ, ಒಂದು ಡಾಲರೂ ಪೆಟ್ಟಿಗೆಗೆ ಬೀಳದಿದ್ದರೂ ಕಾಗದದ ಮೇಲೆ ಲಾಭ ಕಾಣುತ್ತದೆ. ಈ ಆಭಾಸವನ್ನು ಕಂಪೆನಿಗಳೂ ಬಲ್ಲವು. ಆದುದರಿಂದಲೇ ಅವು 'ಒಳಲಾಭ'ವೆಂದು ಕನ್ನಡಿಸಬಹುದಾದ ಇನ್ನೊಂದು ಅಂಕಿಯನ್ನು ಕೊಡುತ್ತವೆ; ಅದರಲ್ಲಿ ಕೈಬದಲಾದ ಮನೆಗಳ ಲಾಭವನ್ನೂ ಹೊಸ ಮನೆಗಳ ಮಿಗತೆಯನ್ನೂ ಮಾತ್ರ ಹಿಡಿಯುತ್ತಾರೆ. ಇದು ಮೊದಲಿನದಕ್ಕಿಂತ ಮೇಲು. ಆದರೂ ಇದು ನಗದಿನ ಲೆಕ್ಕವಲ್ಲ.

ನಗದಿನ ತಃಖ್ತೆಯಲ್ಲಿಯೂ ಎಚ್ಚರ ಬೇಕು. ನಿವಾಸಿಗಳು ಕಟ್ಟುವ ಗಂಟುಗಳೆಲ್ಲವನ್ನೂ ದೈನಂದಿನ ವ್ಯವಹಾರದ ಆದಾಯದ ಕೆಳಗೆ ಬರೆಯುವುದು ಅಲ್ಲಿಯ ವಾಡಿಕೆ. ಆ ಮನೆಗಳನ್ನು ಕಟ್ಟಿದ ವೆಚ್ಚವನ್ನಾದರೋ ಹೂಡಿಕೆಯ ಕೆಳಗೆ ಬರೆಯುತ್ತಾರೆ. ಬೆಲ್ಲ ಮಾರಿದ ಹಣವನ್ನು ಅಂಗಡಿಯ ಪುಸ್ತಕದಲ್ಲಿಯೂ ಕಬ್ಬು ಕೊಂಡ ಖರ್ಚನ್ನು ಮನೆಯ ಪುಸ್ತಕದಲ್ಲಿಯೂ ಬರೆದರೆ ಅಂಗಡಿ ಯಾವಾಗಲೂ ಲಾಭದಲ್ಲಿಯೇ ಇರುತ್ತದಲ್ಲವೆ? ಎರಡು ಪುಟಗಳನ್ನೂ ಕೂಡಿಸಿ ನೋಡಿದಾಗ ಮಾತ್ರ ನಿಜವಾದ ಸ್ಥಿತಿ ತಿಳಿಯುತ್ತದೆ. ಇದರಲ್ಲಿ ಮೋಸವೇನೂ ಇಲ್ಲ. ಎಲ್ಲವೂ ಬಹಿರಂಗವಾಗಿಯೇ ಅಚ್ಚಾಗಿದೆ. ಓದುವವರು ಕಡಿಮೆ, ಅಷ್ಟೆ.

ರೈಮನ್ ಕಂಪೆನಿಯ ಚರಿತ್ರೆ ಇದಕ್ಕೆಲ್ಲ ಸಾಕ್ಷಿಯಾಗಿದೆ. ಎರಡು ದಶಕಗಳ ಕಾಲ ಅದು ನ್ಯೂಜಿಲೆಂಡಿನ ಹೂಡಿಕೆದಾರರ ಕಣ್ಮಣಿಯಾಗಿತ್ತು. ಮನೆಯ ಬೆಲೆ ಏರುತ್ತಿತ್ತು, ಬಡ್ಡಿ ಇಳಿಯುತ್ತಿತ್ತು. ಮೆಲ್ಬರ್ನ್ ನಗರಕ್ಕೂ ಕಾಲಿಟ್ಟು ದೊಡ್ಡ ದೊಡ್ಡ ಬಹುಮಹಡಿ ಗ್ರಾಮಗಳನ್ನು ಕಟ್ಟತೊಡಗಿತು. ಸಾಲು ಮನೆಗಳನ್ನಾದರೆ ಹತ್ತು ಕಟ್ಟಿ, ಕೊಟ್ಟು, ಮತ್ತೆ ಹತ್ತು ಕಟ್ಟಬಹುದು. ಬಹುಮಹಡಿಯ ಕಟ್ಟಡ ಪೂರ್ತಿಯಾಗುವವರೆಗೆ ಒಂದು ಮನೆಯನ್ನೂ ಕೊಡುವಂತಿಲ್ಲ. ಹಣ ಗಾರೆಯಲ್ಲಿ ಸಿಕ್ಕಿಕೊಂಡಿತು. ೨೦೨೨ರ ಮಾರ್ಚಿಗೆ ಮುಗಿದ ವರ್ಷದಲ್ಲಿ ವರದಿಯಾದ ಲಾಭ ಸುಮಾರು ೬೯ ಕೋಟಿ ನ್ಯೂಜಿಲೆಂಡ್ ಡಾಲರ್. ಆದರೆ ಅಷ್ಟರಲ್ಲಿ ಗಾಳಿ ತಿರುಗಿತ್ತು. ಆ ದೇಶದ ರಿಸರ್ವ್ ಬ್ಯಾಂಕು ೨೦೨೧ರಲ್ಲಿ ನೂರಕ್ಕೆ ಕಾಲು ಭಾಗವಿದ್ದ ಮೂಲದರವನ್ನು ೨೦೨೩ರ ಮೇ ವೇಳೆಗೆ ಐದೂವರೆಗೆ ಏರಿಸಿತು. ಮನೆಯ ಬೆಲೆಗಳು ಇಳಿದವು. ೨೦೨೩ರ ಫೆಬ್ರವರಿಯಲ್ಲಿ ರೈಮನ್ ಸಾಲ ತೀರಿಸಲು ತನ್ನ ಷೇರುದಾರರಿಂದಲೇ ೯೦ ಕೋಟಿ ಡಾಲರ್ ಎತ್ತಬೇಕಾಯಿತು, ಷೇರಿಗೆ ೫ ಡಾಲರಿನಂತೆ, ಲಾಭಾಂಶವನ್ನೂ ನಿಲ್ಲಿಸಿತು. ಎರಡೇ ವರ್ಷಕ್ಕೆ, ೨೦೨೫ರ ಫೆಬ್ರವರಿಯಲ್ಲಿ, ಮತ್ತೆ ೧೦೦ ಕೋಟಿ ಡಾಲರ್ ಎತ್ತಿತು. ಈ ಬಾರಿ ಷೇರಿಗೆ ೩ ಡಾಲರ್ ೫ ಸೆಂಟಿನಂತೆ. ೨೦೨೫ರ ಮಾರ್ಚಿಗೆ ಮುಗಿದ ವರ್ಷದಲ್ಲಿ ಕಂಡದ್ದು ೪೩ ಕೋಟಿಗೂ ಮಿಕ್ಕ ನಷ್ಟ. ಈ ಮೂರು ವರ್ಷಗಳಲ್ಲಿ ನ್ಯೂಜಿಲೆಂಡಿನ ಮುದುಕರ ಸಂಖ್ಯೆ ಏನೂ ಕಡಿಮೆಯಾಗಿರಲಿಲ್ಲ.

ಇದೇ ನಾಣ್ಯದ ಇನ್ನೊಂದು ಮುಖವನ್ನೂ ಹೇಳಬೇಕು. ಸಮ್ಮರ್‌ಸೆಟ್ ಷೇರನ್ನು ೨೦೧೧ರಲ್ಲಿ ೧ ಡಾಲರ್ ೪೦ ಸೆಂಟಿಗೆ ಕೊಂಡವನು ಹತ್ತು ವರ್ಷಗಳಲ್ಲಿ ಅದು ಹತ್ತು ಡಾಲರನ್ನು ದಾಟಿದ್ದನ್ನು ಕಂಡನು. ಮೆಟ್‌ಲೈಫ್‌ಕೇರ್ ಕಂಪೆನಿಯನ್ನು ೨೦೨೦ರಲ್ಲಿ ಸ್ವೀಡನ್ನಿನ ಒಂದು ಬಂಡವಾಳ ಸಂಸ್ಥೆಯೂ, ಅರ್ವಿಡಾವನ್ನು ೨೦೨೪ರಲ್ಲಿ ಅಮೆರಿಕದ ಇನ್ನೊಂದೂ ಪೂರ್ತಿಯಾಗಿ ಕೊಂಡುಕೊಂಡವು. ಪೇಟೆಯಲ್ಲಿ ಷೇರು ಅಗ್ಗವಾದಾಗ ದೊಡ್ಡ ಬಂಡವಾಳಗಾರರು ಬಂದು ಇಡೀ ಕಂಪೆನಿಯನ್ನೇ ಎತ್ತಿಕೊಂಡು ಹೋಗುತ್ತಾರೆ. ಸಣ್ಣ ಷೇರುದಾರನಿಗೆ ಒಳ್ಳೆಯ ದಿನಗಳವರೆಗೆ ಕಾಯುವ ಅವಕಾಶವೂ ಉಳಿಯುವುದಿಲ್ಲ.

ಆಸ್ಟ್ರೇಲಿಯದಲ್ಲಿ ಕಥೆ ಬೇರೆ. ಅಲ್ಲಿಯ ಷೇರುಪೇಟೆಗೆ ೨೦೧೪ರ ಒಂದೇ ವರ್ಷದಲ್ಲಿ ಮೂರು ಶುಶ್ರೂಷಾ ಕಂಪೆನಿಗಳು ಬಂದವು: ಜಪಾರಾ ೨ ಡಾಲರಿಗೆ, ರೀಜಿಸ್ ೩ ಡಾಲರ್ ೬೫ ಸೆಂಟಿಗೆ, ಎಸ್ಟಿಯಾ ೫ ಡಾಲರ್ ೭೫ ಸೆಂಟಿಗೆ. ಇವುಗಳ ಆದಾಯದ ಬಹುಭಾಗ ಸರಕಾರದ ಸಹಾಯಧನ. ೨೦೧೬ರ ಮುಂಗಡಪತ್ರದಲ್ಲಿ ಸರಕಾರವು ಆ ಸಹಾಯಧನದ ಬೆಳವಣಿಗೆಯನ್ನು ಕತ್ತರಿಸಿತು, ಷೇರುಗಳು ಬಿದ್ದವು. ೨೦೧೮ರಲ್ಲಿ ವೃದ್ಧರ ಶುಶ್ರೂಷೆಯ ಗುಣಮಟ್ಟವನ್ನು ವಿಚಾರಿಸಲು ರಾಯಲ್ ಕಮಿಷನ್ ನೇಮಕವಾಯಿತು. ೨೦೧೯ರ ತನ್ನ ಮಧ್ಯಂತರ ವರದಿಗೆ ಅದು ಇಟ್ಟ ಹೆಸರು 'ಅಲಕ್ಷ್ಯ' ಎಂಬ ಒಂದೇ ಪದ. ಜಪಾರಾವನ್ನು ೨೦೨೧ರಲ್ಲಿ ಷೇರಿಗೆ ೧ ಡಾಲರ್ ೪೦ ಸೆಂಟಿನಂತೆ ಒಂದು ಧರ್ಮಸಂಸ್ಥೆ ಕೊಂಡಿತು. ಎಸ್ಟಿಯಾ ೨೦೨೩ರಲ್ಲಿ ೩ ಡಾಲರ್ ೨೦ ಸೆಂಟಿನಂತೆ ಅಮೆರಿಕದ ಬಂಡವಾಳಗಾರರ ಪಾಲಾಯಿತು. ರೀಜಿಸ್ ಒಂದೇ ಪೇಟೆಯಲ್ಲಿ ಉಳಿಯಿತು; ಸರಕಾರವು ಧನಸಹಾಯದ ಕ್ರಮವನ್ನು ೨೦೨೨ರಲ್ಲಿ ಬದಲಿಸಿದ ಮೇಲೆ, ೨೦೨೪ರಲ್ಲಿ ಅದು ತನ್ನ ಮೊದಲ ಬೆಲೆಯನ್ನು ದಾಟಿ ಮೇಲೇರಿತು. ಒಬ್ಬ ಮುದುಕನ ಊಟ, ಔಷಧ, ಸ್ನಾನ ಇವುಗಳ ಮೇಲೆ ದಿನಕ್ಕೆಷ್ಟು ವೆಚ್ಚವಾಗಬೇಕೆಂಬುದು ರಾಜಧಾನಿಯ ಒಂದು ಕಡತದಲ್ಲಿ ತೀರ್ಮಾನವಾಗುವ ಕಡೆ, ಷೇರುದಾರನು ಓದಬೇಕಾದದ್ದು ಜನಗಣತಿಯನ್ನಲ್ಲ, ಮುಂಗಡಪತ್ರವನ್ನು.

ಇಂಗ್ಲೆಂಡಿನ ಸದರ್ನ್ ಕ್ರಾಸ್ ಕಂಪೆನಿಯ ಅಂತ್ಯವು ಇವೆಲ್ಲಕ್ಕಿಂತ ಘೋರವಾದದ್ದು. ೨೦೦೬ರಲ್ಲಿ ಲಂಡನ್ ಪೇಟೆಗೆ ಬಂದ ಈ ಕಂಪೆನಿಯ ಬಳಿ ಸುಮಾರು ೭೫೦ ಶುಶ್ರೂಷಾಗೃಹಗಳಿದ್ದವು, ೩೧,೦೦೦ ನಿವಾಸಿಗಳಿದ್ದರು. ಆದರೆ ಕಟ್ಟಡಗಳು ಅದರವಾಗಿರಲಿಲ್ಲ. ಅವುಗಳನ್ನು ಬೇರೆಯವರಿಗೆ ಮಾರಿ, ವರ್ಷವರ್ಷವೂ ಏರುವ ಬಾಡಿಗೆಯ ಕರಾರಿಗೆ ಮತ್ತೆ ಹಿಡಿದಿತ್ತು. ಸ್ಥಳೀಯ ಸಂಸ್ಥೆಗಳು ವೃದ್ಧರಿಗಾಗಿ ತೆರುವ ದರವನ್ನು ಬಿಗಿಹಿಡಿದು, ಹಾಸಿಗೆಗಳು ಖಾಲಿ ಬಿದ್ದಾಗ, ಬಾಡಿಗೆ ಕಟ್ಟಲಾರದೆ ೨೦೧೧ರಲ್ಲಿ ಕುಸಿಯಿತು. ಗೃಹಗಳೆಲ್ಲ ಬೇರೆಬೇರೆಯವರ ಕೈಸೇರಿದವು. ಷೇರುದಾರನು ಕಳೆದುಕೊಂಡದ್ದು ಹಣ. ಹಾಸಿಗೆಯಲ್ಲಿ ಮಲಗಿದ್ದ ಮೂವತ್ತೊಂದು ಸಾವಿರ ಜನ ನಾಳೆ ತಮ್ಮನ್ನು ನೋಡುವವರು ಯಾರೆಂಬುದನ್ನು ತಿಳಿಯದೆ ತಿಂಗಳುಗಳನ್ನು ಕಳೆದರು.

ಇಲ್ಲಿ ಒಂದು ಅಹಿತಕರವಾದ ಮಾತನ್ನೂ ಆಡಬೇಕಾಗಿದೆ. ಗ್ರಾಮದ ಮನೆ ತೆರವಾಗುವುದು ಬಹುಮಟ್ಟಿಗೆ ಎರಡೇ ಕಾರಣಗಳಿಂದ: ನಿವಾಸಿಯು ಶುಶ್ರೂಷಾಗೃಹಕ್ಕೆ ಹೋಗಬೇಕು, ಇಲ್ಲವೆ ತೀರಿಕೊಳ್ಳಬೇಕು. ಶುಲ್ಕವು ನಾಲ್ಕೈದು ವರ್ಷಗಳಲ್ಲಿ ಪೂರ್ಣ ಮಿತಿಯನ್ನು ಮುಟ್ಟಿಬಿಡುವುದರಿಂದ, ಅನಂತರವೂ ದೀರ್ಘಕಾಲ ಬಾಳಿದ ನಿವಾಸಿಯಿಂದ ಕಂಪೆನಿಗೆ ಹೊಸ ಶುಲ್ಕವಿಲ್ಲ. ಜೀವವಿಮೆಯ ಕಂಪೆನಿಗೆ ತನ್ನ ಗಿರಾಕಿ ನೂರು ವರ್ಷ ಬಾಳಲಿ ಎಂಬ ಹಾರೈಕೆ ಸಹಜ. ಇಲ್ಲಿ ಲೆಕ್ಕ ತಿರುವುಮುರುವು. ಇದರಿಂದ ಯಾರೂ ಮುದುಕರನ್ನು ಕೆಟ್ಟದಾಗಿ ನೋಡಿಕೊಳ್ಳುತ್ತಾರೆಂದು ನಾನು ಹೇಳುತ್ತಿಲ್ಲ. ಹೆಸರು ಕೆಟ್ಟ ಗ್ರಾಮಕ್ಕೆ ಹೊಸಬರು ಬರುವುದೇ ಇಲ್ಲ. ಆ ಭಯವೇ ದೊಡ್ಡ ಕಾವಲು. ಆದರೆ ವಾರ್ಷಿಕ ವರದಿಯಲ್ಲಿ 'ಮರುಹಂಚಿಕೆಗಳ ಸಂಖ್ಯೆ ಹೆಚ್ಚಿತು' ಎಂಬ ಸಂತೋಷದ ಸಾಲನ್ನು ಓದುವಾಗ, ಅದರ ಹಿಂದೆ ಎಷ್ಟು ಮನೆಗಳ ದೀಪ ಆರಿತೆಂಬುದನ್ನು ಲಾಭಾಂಶ ಪಡೆಯುವವನು ತಿಳಿದೇ ಪಡೆಯಬೇಕೆಂಬುದು ನನ್ನ ಅಭಿಪ್ರಾಯ.

ನಮ್ಮ ದೇಶದ ವಿಷಯ ಒಂದೆರಡು ಮಾತು. ಭಾರತದಲ್ಲಿ ಹಿರಿಯರ ಬಡಾವಣೆಗಳ ಮನೆಗಳನ್ನು ಹೆಚ್ಚಾಗಿ ಕ್ರಯಕ್ಕೇ ಕೊಡುತ್ತಾರೆ. ನೋಂದಣಿ ಕೊಂಡವನ ಹೆಸರಿಗೆ ಆಗುತ್ತದೆ, ಬೆಲೆಯ ಏರಿಕೆಯೂ ಅವನದೇ. ರಾಜಸ್ಥಾನದ ಭಿವಾಡಿ, ಜೈಪುರಗಳಲ್ಲಿಯೂ ಚೆನ್ನೈ ಕಡೆಯಲ್ಲಿಯೂ ಇಂಥ ಬಡಾವಣೆಗಳನ್ನು ಕಟ್ಟಿದ ಆಶಿಯಾನಾ ಹೌಸಿಂಗ್ ಕಂಪೆನಿ ನಮ್ಮ ಷೇರುಪೇಟೆಯಲ್ಲಿದೆ. ದೆಹರಾದೂನಿನಲ್ಲಿ ಅಂತರಾ ಎಂಬ ನಿವಾಸವನ್ನು ನಡೆಸುವ ಮ್ಯಾಕ್ಸ್ ಇಂಡಿಯಾ ಕೂಡ ಇದೆ. ಮನೆ ಮಾರಿದೊಡನೆ ಲಾಭ ಮುಗಿಯುವುದರಿಂದ ಇಂಥ ವ್ಯವಹಾರವನ್ನು ಕಟ್ಟಡದ ಗುತ್ತಿಗೆಯಂತೆಯೇ ಅಳೆಯಬೇಕಾಗುತ್ತದೆ. ನ್ಯೂಜಿಲೆಂಡಿನ ಲೆಕ್ಕವನ್ನು ಇಲ್ಲಿಗೆ ತಂದು ಹಚ್ಚಿದರೆ ಸರಿಹೋಗದು. ಮಾರಿದ ಮೇಲೆ ಇಪ್ಪತ್ತು ವರ್ಷ ಆ ಮುದುಕರ ಗಂಟೆಗೆ ಓಗೊಡುವವರು ಯಾರು, ಅದರ ಖರ್ಚು ಯಾರ ಪುಸ್ತಕದಲ್ಲಿ ಬೀಳುತ್ತದೆ ಎಂಬ ಪ್ರಶ್ನೆ ಇಲ್ಲಿ ಬೇರೆಯೇ ರೂಪದಲ್ಲಿ ಏಳುತ್ತದೆ. ಅದಕ್ಕೆ ಉತ್ತರ ಬೇಕಾದವರು ಕಂಪೆನಿಯ ವರದಿಯನ್ನಷ್ಟೇ ಅಲ್ಲದೆ ಬಡಾವಣೆಯ ನಿರ್ವಹಣಾ ಕರಾರನ್ನೂ ತರಿಸಿಕೊಂಡು ಓದಬೇಕು. ತಿಂಗಳ ಶುಲ್ಕವನ್ನು ಯಾರು ಏರಿಸಬಹುದು, ಎಷ್ಟು ಏರಿಸಬಹುದು ಎಂಬ ಷರತ್ತು ಅದರಲ್ಲಿ ಇರುತ್ತದೆ.